ಕಾರಣ ಕೇಳದ ಟೈಮ್‌ಕೀಪರ್

ಬಣಕಲ್ಲಿನ ನಮ್ಮ ಜವಳಿ ಅಂಗಡಿಯಲ್ಲಿ ಅತಿ ಹೆಚ್ಚು ಹೊತ್ತು ಕೂತ ಗಿರಾಕಿ ಯಾರು ಎಂದು ಕೇಳಿದರೆ, ಅವರು ಗಿರಾಕಿಯೇ ಅಲ್ಲ ಎಂದು ಹೇಳಬೇಕಾಗುತ್ತದೆ. ಮೂರು ವರ್ಷಕ್ಕೂ ಮಿಕ್ಕಿ ಬಂದು ಕೂತರು. ಆ ಮೂರು ವರ್ಷದಲ್ಲಿ ಒಂದೇ ಒಂದು ಸಲ ಬಿಟ್ಟರೆ ಕರ್ಚೀಫಿನಷ್ಟು ಬಟ್ಟೆಯನ್ನೂ ಕೊಳ್ಳಲಿಲ್ಲ. ಬಾಗಿಲ ಪಕ್ಕದ ಬೆಂಚಿನಲ್ಲಿ ರಸ್ತೆ ಕಾಣುವ ತುದಿ ಅವರದ್ದು. ಬೇರೆ ಯಾರಾದರೂ ಅಲ್ಲಿ ಕೂತಿದ್ದರೆ ಏಳಿ ಎಂದು ಹೇಳುವ ಜಾತಿಯವರಲ್ಲ, ಎದುರಿಗೆ ಸುಮ್ಮನೆ ನಿಂತುಕೊಳ್ಳುತ್ತಿದ್ದರು. ಕೂತವರಿಗೇ ಮುಜುಗರವಾಗಿ ಎದ್ದು ಹೋಗುತ್ತಿದ್ದರು. ಅವರು ತೀರಿಕೊಂಡ ಮೇಲೂ ಆ ತುದಿಯಲ್ಲಿ ಸೀರೆ ಗಂಟು ಇಡಲು ಹೋದರೆ ನನ್ನ ಕೈ ಹಿಂದೆ ಬರುತ್ತದೆ. ನಮ್ಮ ಮನೆಯವಳು ನೋಡಿಯೂ ನೋಡದವಳ ಹಾಗೆ ಗಂಟನ್ನು ಬೇರೆ ಕಡೆಗೆ ಎತ್ತಿಡುತ್ತಾಳೆ.

ಅವರು ಚಿಕ್ಕಮಗಳೂರಿನ ಖಾಸಗಿ ಬಸ್‌ಸ್ಟ್ಯಾಂಡಿನಲ್ಲಿ ಟೈಮ್‌ಕೀಪರ್ ಆಗಿದ್ದವರು. ಯಾವ ಬಸ್ಸು ಎಷ್ಟು ಗಂಟೆಗೆ ಬಂತು, ಎಷ್ಟಕ್ಕೆ ಹೊರಟಿತು ಎಂದು ನೋಡಿ ಬರೆಯುವ ಕೆಲಸ. ಕೇಳಲು ಸಣ್ಣದು. ಆದರೆ ಒಂದೇ ದಾರಿಗೆ ನಾಲ್ಕು ಕಂಪನಿಯ ಬಸ್ಸುಗಳು ಓಡುವ ಊರಲ್ಲಿ ಮುಂದಿನ ಬಸ್ಸು ಎರಡು ನಿಮಿಷ ಹೆಚ್ಚು ನಿಂತರೆ ಹಿಂದಿನ ಬಸ್ಸಿಗೆ ಜನ ಸಿಗುವುದಿಲ್ಲ. ಹಾಗಾಗಿ ಡ್ರೈವರ್ ಕಂಡಕ್ಟರುಗಳಿಗೆ ಆರ್‌ಟಿಒ ಮೇಲಿದ್ದ ಭಯಕ್ಕಿಂತ ಇವರ ಸೀಟಿಯ ಮೇಲಿದ್ದ ಭಯ ಹೆಚ್ಚು. ತುಂಬುತೋಳಿನ ಬಿಳಿ ಶರ್ಟು, ಹಣೆಯ ಮೇಲೆ ಅಳೆದು ಎಳೆದಂಥ ವಿಭೂತಿ, ಮಣಿಕಟ್ಟಿನ ಒಳಬದಿಗೆ ಕಟ್ಟಿದ ವಾಚು. ಟೈಮು ನೋಡಲು ಅಂಗೈ ಮೇಲೆ ಮಾಡುತ್ತಿದ್ದರು, ಯಾರಿಂದಲೋ ಏನನ್ನೋ ಇಸಿದುಕೊಳ್ಳುವವರ ಹಾಗೆ.

ನಾನು ಅವರನ್ನು ಮೊದಲು ಕಂಡದ್ದು ಅವರ ಮಗಳ ಮದುವೆ ಜವಳಿಗೆ. ಗಂಡಿನ ಮನೆ ಕೊಟ್ಟಿಗೆಹಾರದ ಆಚೆ, ಕಳಸದ ರಸ್ತೆಯಲ್ಲಿ. ಐದಾರು ಎಕರೆ ಕಾಫಿ ಇದ್ದ ಮರ್ಯಾದಸ್ಥ ಜನ. ಎರಡೂ ಕಡೆಯವರು ಕೂತು ಜವಳಿ ತೆಗೆಯುವುದು ನಮ್ಮವರ ಪದ್ಧತಿ. ಹೆಂಗಸರು ಧಾರೆ ಸೀರೆಗೆ ಮಧ್ಯಾಹ್ನವಿಡೀ ತೆಗೆದುಕೊಂಡರು. ಇವರು ಬಾಗಿಲಲ್ಲಿ ನಿಂತು ಅಂಗೈ ನೋಡಿಕೊಳ್ಳುತ್ತಲೇ ಇದ್ದರು. ಕೊನೆಗೆ ತಡೆಯಲಾರದೆ, "ಸಾವ್ಕಾರ್ರೇ, ಇವ್ರಿಗೆಲ್ಲ ಒಂದು ಸೀಟಿ ಊದ್ಲಾ?" ಎಂದರು. ಎಲ್ಲರಿಗಿಂತ ಹೆಚ್ಚು ನಕ್ಕವನು ಮದುವೆ ಗಂಡು. "ಊದಿ ಮಾವ" ಎಂದ. ಇನ್ನೂ ಮದುವೆಯೇ ಆಗಿರಲಿಲ್ಲ, ಆಗಲೇ ಬಾಯಿ ತುಂಬ ಮಾವ ಎನ್ನುತ್ತಿದ್ದ.

ಅದಾಗಿ ಎಂಟು ವರ್ಷಕ್ಕೋ ಏನೋ, ಒಂದು ಬೆಳಿಗ್ಗೆ ಒಬ್ಬರೇ ಬಂದರು. ಕೂರಲಿಲ್ಲ.

"ಮಗಳಿಗೂ ಅವನಿಗೂ ಡೈವೋರ್ಸ್ ಆಯ್ತು. ಮಗು ಅವಳ ಹತ್ರ ಇರೋದು ಅಂತಾಗಿದೆ, ಅಂದ್ರೆ ನಮ್ಮನೇಲಿ. ಅವರಪ್ಪಂಗೆ ತಿಂಗಳಿಗೆ ಎರಡು ಶನಿವಾರ. ಬೆಳಿಗ್ಗೆ ಹತ್ತಕ್ಕೆ ಒಪ್ಸೋದು, ಸಂಜೆ ಐದಕ್ಕೆ ವಾಪಸ್ ತಗೊಳ್ಳೋದು."

ಪಾರ್ಸೆಲ್ಲಿನ ವಿಷಯ ಹೇಳುವವರ ಹಾಗೆ ಹೇಳಿದರು. ಮನಸ್ಸು ಕಲ್ಲಾಗಿತ್ತು ಎಂದಲ್ಲ. ಅವರಿಗೆ ಬರುತ್ತಿದ್ದ ಭಾಷೆಯೇ ಅದು.

"ಎಲ್ಲಿ ಒಪ್ಸೋದು ಅಂತ ಜಗಳ ಬಿತ್ತು. ನಮ್ಮನೆ ಬಾಗ್ಲಿಗೆ ಅವನು ಬರೋದು ನನ್ನ ಮಗಳಿಗೆ ಬೇಡ. ಅವರ ತೋಟಕ್ಕೆ ನಾವು ಹೋಗಲ್ಲ. ಪೊಲೀಸ್ ಸ್ಟೇಷನ್ ಅಂದ್ರು ಯಾರೋ, ನಾನು ಒಪ್ಲಿಲ್ಲ. ಕೊನೆಗೆ ನಿಮ್ಮಂಗಡಿ ಹೆಸ್ರು ಬಂತು. ಅದೊಂದಕ್ಕೆ ಇಬ್ರೂ ಹೂಂ ಅಂದ್ರು."

ಧಾರೆ ಸೀರೆ ಮಡಚಿ ಕೊಟ್ಟ ಕೌಂಟರಿನ ಎದುರಲ್ಲೇ ಆ ಮದುವೆಯ ಮಗು ಕೈಬದಲಾಗಬೇಕು ಎನ್ನುವುದು ನನಗೆ ಬೇಡವಾಗಿತ್ತು. ಆದರೆ ಆ ಮುಖ ನೋಡಿ ಬೇಡ ಎನ್ನುವುದು ಹೇಗೆ? ಒಪ್ಪಿಕೊಂಡೆ. "ಬೇರೆಯವ್ರ ಮನೆ ಜಗಳಾನ ಅಂಗಡಿ ಒಳಗೆ ಕರ್ಕೊಂಡ್ರಲ್ಲ ಮಾರಾಯ್ರೇ" ಎಂದು ನಮ್ಮ ಮನೆಯವಳು ಬೈದಳು. ಮೊದಲನೇ ಶನಿವಾರ ಆ ಮಗುವಿಗೆಂದು ಅಕ್ಕಿರೊಟ್ಟಿ ತಟ್ಟಿ, ಜೇನುತುಪ್ಪ ಹಚ್ಚಿ ಸುರುಳಿ ಸುತ್ತಿ ಇಟ್ಟವಳೂ ಅವಳೇ.

ಪುಟ್ಟಿಗೆ ಆಗ ಏಳು ವರ್ಷ. ಎರಡು ಜಡೆ, ಬೆನ್ನಿಗೆ ಕೆಂಪು ಬ್ಯಾಗು. ಅಜ್ಜನ ಕೈ ಹಿಡಿದು ಬಸ್ಸಿಳಿದು ಬಂದಳು. ಅವಳಪ್ಪ ಹಳೆಯ ಜೀಪಿನಲ್ಲಿ ಮೊದಲೇ ಬಂದು ಕಾಯುತ್ತಿದ್ದ. ಮಾವನನ್ನು ಕಂಡು ಬಾಯಿ ತೆರೆದ, ಏನೂ ಹೊರಡಲಿಲ್ಲ. ಮಾವ ಎನ್ನುವಂತಿಲ್ಲ, ಸಾರ್ ಎನ್ನಲಾಗದು, ಹೆಸರು ಹಿಡಿಯುವುದಂತೂ ಉಂಟೇ? ಇಪ್ಪತ್ತು ಅಡಿಯ ಅಂಗಡಿಯಲ್ಲಿ ಅವನಿಗೆ ಅವರನ್ನು ಕರೆಯಲು ಒಂದು ಶಬ್ದ ಉಳಿದಿರಲಿಲ್ಲ. ಅವತ್ತಿನಿಂದ ಇಬ್ಬರೂ ಮಗುವಿನ ಮೂಲಕ ಮಾತಾಡತೊಡಗಿದರು.

"ಐದಕ್ಕೆ ಬರ್ತೀವಿ ಅಂತ ಹೇಳು ಅಜ್ಜಂಗೆ."

"ಸ್ವೆಟರ್ ಬ್ಯಾಗಲ್ಲಿದೆ ಅಂತ ಹೇಳು ನಿಮ್ಮಪ್ಪಂಗೆ."

ಮೊದಮೊದಲು ಪುಟ್ಟಿ ನಿಷ್ಠೆಯಿಂದ ಆ ಕಡೆಯ ಮಾತನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ ಮುಟ್ಟಿಸಿದಳು. ಕೆಲವು ತಿಂಗಳಾದ ಮೇಲೆ ಬೇಸರ ಬಂದು ಕೈ ಕಟ್ಟಿ ನಿಂತು, "ಕೇಳಿಸ್ತಲ್ಲ ಇಬ್ರಿಗೂ?" ಎಂದಳು. ನಾನು ಬಟ್ಟೆಯ ಥಾನು ಮಡಚುವವನ ಹಾಗೆ ಆ ಕಡೆ ತಿರುಗಿ ನಕ್ಕೆ.

ಮಗುವನ್ನು ಒಪ್ಪಿಸಿದ ಮೇಲೆ ಚಿಕ್ಕಮಗಳೂರಿಗೆ ಹೋಗಿ ಮತ್ತೆ ಬರುವುದೆಂದರೆ ಅರ್ಧ ದಿನ ಬಸ್ಸಿನಲ್ಲೇ ಕಳೆಯುತ್ತಿತ್ತು. ಸಂಜೆಯವರೆಗೆ ಬೆಂಚೇ ಗತಿ. ರಸ್ತೆಗೆ ಬೆನ್ನು ಹಾಕಿ ಕೂತಾಗಲೂ ಸದ್ದಿನಿಂದಲೇ ಯಾವ ಬಸ್ಸು ಎಂದು ಹೇಳುತ್ತಿದ್ದರು. "ಕಳಸದ್ದು ಬಂತು. ಲೇಟು." ಒಂದು ಸಲ ಅವರ ಕಾಲದ ಡ್ರೈವರೊಬ್ಬ ಎದುರಿನ ಹೋಟೆಲಿನಲ್ಲಿ ಚಾ ಹಿಡಿದು ಹರಟುತ್ತಿದ್ದವನು ಇವರನ್ನು ಕಂಡದ್ದೇ ತಡ, ಅರ್ಧ ಲೋಟ ಅಲ್ಲೇ ಇಟ್ಟು ಓಡಿ ಬಸ್ಸು ಹತ್ತಿದ. ರಿಟೈರಾಗಿ ಅದೆಷ್ಟೋ ವರ್ಷವಾಗಿತ್ತು! ನಾನು ನಗುತ್ತಲೇ ಇದ್ದೆ. ಇವರು ಮಾತ್ರ ಅಂಗೈ ನೋಡಿಕೊಂಡು, "ಈಗ ಸರಿ ಹೋದ" ಎಂದರು.

ಡ್ರೈವರುಗಳು ತಡಕ್ಕೆ ಏನೇನು ನೆಪ ಹೇಳುತ್ತಿದ್ದರು ಎಂದು ನಾನು ಕೆಣಕುತ್ತಿದ್ದೆ. "ಹೇಳೋಕೆ ಬಿಟ್ರೆ ತಾನೇ? ಕಾರಣ ಬೇಡ, ಟೈಮ್ ಹೇಳು ಅಂತಿದ್ದೆ. ಟಯರ್ ಪಂಕ್ಚರು, ಮದುವೆ ದಿಬ್ಬಣ, ಗುಡ್ಡ ಜರೀತು, ಎಲ್ರ ಹತ್ರಾನೂ ಒಂದೊಂದು ಇರುತ್ತೆ. ಹೆಚ್ಚಿನೋವು ನಿಜಾನೂ ಇರುತ್ತೆ. ಆದ್ರೆ ಒಬ್ಬಂದು ಕೇಳಿ ಇನ್ನೊಬ್ಬಂದು ಕೇಳ್ದಿದ್ರೆ ಅನ್ಯಾಯ ಆಗಲ್ವಾ? ಅದಕ್ಕೆ ಯಾರ್ದೂ ಕೇಳ್ತಿರ್ಲಿಲ್ಲ." ಇದನ್ನು ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ಆ ಹೆಮ್ಮೆಗೆ ಹಕ್ಕೂ ಇತ್ತು. ಅಷ್ಟು ವರ್ಷದಲ್ಲಿ ಒಂದು ಚಾ ಕುಡಿದು ಒಂದು ನಿಮಿಷ ಬದಲಿಸಿದರು ಎಂದು ಅವರನ್ನು ಕಂಡರಾಗದವರೂ ಹೇಳಿದ್ದಿಲ್ಲ.

ಇಷ್ಟು ಕೇಳಿ ಅವರು ಒರಟರು ಎಂದುಕೊಂಡರೆ ತಪ್ಪು. ಸಂಜೆ ಪುಟ್ಟಿ ಜೀಪಿನಿಂದ ಇಳಿದರೆ ಮೊದಲು ಅವಳ ಕಾಲುಚೀಲ ತೆಗೆದು ರಕ್ತ ಹೀರುವ ಇಂಬಳ ಹತ್ತಿದೆಯೇ ಎಂದು ನೋಡುತ್ತಿದ್ದರು. ಜಡೆ ಬಿಚ್ಚಿದ್ದರೆ ಬೆಂಚಿನ ಮೇಲೆ ಕೂರಿಸಿ ತಾವೇ ಹಾಕುತ್ತಿದ್ದರು. ತೋಟದಲ್ಲಿ ಏನು ಮಾಡಿದೆ ಎಂದು ಅಲ್ಲಿ ಕೇಳುತ್ತಿರಲಿಲ್ಲ. ಕೇಳುವುದು ಬಸ್ಸಿನಲ್ಲಿ. "ಮನೇಲಿ ಅವಳ ಅಮ್ಮಂಗೆ ಆ ಮಾತು ಕೇಳಿದ್ರೆ ಸಂಕಟ ಆಗುತ್ತೆ. ಮಗೂಗೆ ಹೇಳ್ದೆ ಇರೋಕಾಗಲ್ಲ. ಅದಕ್ಕೇ ಎಲ್ಲಾ ಬಸ್ಸಲ್ಲೇ ಮುಗ್ಸು ಅಂತೀನಿ. ನಾಯಿ ಮರಿ ಹಾಕಿದ್ದು, ಸೀಬೆಮರ ಹತ್ತಿದ್ದು, ಅಪ್ಪ ಮೊಟ್ಟೆ ಹುರಿಯೋಕೆ ಹೋಗಿ ಸೀಸಿದ್ದು, ಎಲ್ಲಾ. ಊರು ಬರೋ ಹೊತ್ತಿಗೆ ಖಾಲಿ ಮಾಡ್ಕೊಂಡು ಇಳೀತಾಳೆ." ಅಳಿಯನ ಬಗ್ಗೆ ಅವರಿಂದ ನಾನು ಕೇಳಿದ ಹೊಗಳಿಕೆ ಒಂದೇ. "ಸಂಸಾರ ಮಾಡೋಕೆ ಬರ್ಲಿಲ್ಲ ಅವನಿಗೆ. ಟೈಮಿಗೆ ಬರೋಕೆ ಬರುತ್ತೆ."

ಪುಟ್ಟಿಗೆ ಹತ್ತು ವರ್ಷವಾದಾಗಿನ ಏಪ್ರಿಲ್ ಅದು. ಕಾಫಿ ಹೂವಿಗೆ ಬೀಳುವ ಮಳೆ ಅವತ್ತು ಗಾಳಿಯನ್ನೂ ಕಟ್ಟಿಕೊಂಡು ಬಂತು. ನಾಲ್ಕಕ್ಕೆಲ್ಲ ಕರೆಂಟು ಹೋಯಿತು. ಕರೆಂಟು ಹೋದರೆ ನಮ್ಮ ಕಡೆ ಫೋನೂ ಹೋದ ಹಾಗೆ. ಐದಾಯಿತು, ಜೀಪು ಬರಲಿಲ್ಲ. ಆರಾಯಿತು. ಇವರು ಅಂಗಡಿಯ ಮೆಟ್ಟಿಲ ಮೇಲೆ ಮಳೆಯ ಇರಚಲಿಗೆ ಒದ್ದೆಯಾಗುತ್ತ ನಿಂತೇ ಇದ್ದರು. ಕಳಸದ ಕಡೆಯಿಂದ ಒಂದು ಬಸ್ಸೂ ಇಳಿಯಲಿಲ್ಲ. ದಾರಿಯಲ್ಲಿ ಏನೋ ಬಿದ್ದಿರಬೇಕು ಎಂದು ನನಗೆ ಗೊತ್ತಾಯಿತು, ಅವರಿಗೂ ಆಗಿರಲೇಬೇಕು. ನಮ್ಮ ಮನೆಯವಳು ಉಪ್ಪಿಟ್ಟು ತಂದಿಟ್ಟಳು. ಅದು ಹಾಗೇ ಆರಿತು. ಚಿಕ್ಕಮಗಳೂರಿನಲ್ಲಿ ಆ ತಾಯಿ ಹೊತ್ತು ಮೀರಿದ ಮೇಲೆ ಫೋನು ಒತ್ತುತ್ತ ಕೂತಿದ್ದಳಂತೆ. ಯಾರದ್ದೂ ಹೋಗುತ್ತಿರಲಿಲ್ಲ.

ಎಂಟು ಗಂಟೆಯ ಹೊತ್ತಿಗೆ ಜೀಪು ಬಂತು. ಪುಟ್ಟಿ ತೊಪ್ಪೆಯಾಗಿದ್ದಳು, ತಲೆ ತುಂಬ ಮರದ ಪುಡಿ. ಅಷ್ಟು ಖುಷಿಯ ಮುಖವನ್ನು ನಾನು ಅವಳಲ್ಲಿ ಹಿಂದೆ ಕಂಡಿರಲಿಲ್ಲ.

"ಅಜ್ಜಾ, ಮರ ಬಿದ್ದಿತ್ತು! ಇಷ್ಟು ದಪ್ಪ! ಗರಗಸದ ಒಂದು ಕಡೆ ಅಪ್ಪ, ಒಂದು ಕಡೆ ನಾನು. ಆಮೇಲೆ ಯಾರೋ ಮೆಷಿನ್ ಗರಗಸ ತಂದ್ರು. ನಮ್ದು ಅರ್ಧಕ್ಕೇ ನಿಂತ್ಹೋಯ್ತು."

ನಮ್ಮ ಕಡೆ ಜೀಪಿರುವವರೆಲ್ಲ ಸೀಟಿನ ಕೆಳಗೆ ಕತ್ತಿ, ಗರಗಸ ಇಟ್ಟುಕೊಂಡಿರುತ್ತಾರೆ. ದಾರಿಗೆ ಮರ ಬಿದ್ದರೆ ಇಲಾಖೆಯವರಿಗೆ ಕಾಯುವ ಪೈಕಿ ಅಲ್ಲ. ಮೊದಲು ಮುಟ್ಟಿದವನು ಕೊಯ್ಯಲು ಶುರು ಮಾಡುತ್ತಾನೆ, ಹಿಂದೆ ಬಂದವರು ಕೈ ಹಾಕುತ್ತಾರೆ. ಬಿದ್ದ ಮರ ನೋಡಿ ಗಾಡಿ ತಿರುಗಿಸಿದವನನ್ನು ಜನ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಪುಟ್ಟಿಯ ಅಪ್ಪನಿಗೆ ಹೇಗಾದರೂ ಮಗುವನ್ನು ದಾಟಿಸಿ ಕಳಿಸುವ ಉಪಾಯ ಹೊಳೆಯಲಿಲ್ಲ, ಗರಗಸ ಹೊಳೆಯಿತು. ಅವನು ಬಾಯಿ ತೆರೆದು, "ದಾರೀಲಿ..." ಎಂದ. ಇವರು ಅಂಗೈ ನೋಡಿಕೊಂಡರು. ಅಷ್ಟೇ. ಬಸ್ಸಿಲ್ಲದ್ದರಿಂದ ಅವನೇ ಇಬ್ಬರನ್ನೂ ಚಿಕ್ಕಮಗಳೂರಿಗೆ ಬಿಟ್ಟು ಬಂದ.

ತಾಯಿ ಕೋರ್ಟಿಗೆ ಹೋದಳು. ಅವಳದ್ದು ತಪ್ಪೆಂದು ನಾನು ಹೇಳಲಾರೆ. ಮಗು ಬದುಕಿದೆಯೋ ಇಲ್ಲವೋ ಎಂದು ತಿಳಿಯದೆ ಕೂತವಳ ಸಂಕಟ ಕೂತವಳಿಗೇ ಗೊತ್ತು. ಅಲ್ಲಿ ನಡೆದದ್ದನ್ನು ನನಗೆ ಹೇಳಿದವರು ಇವರೇ. ಮುಂದಿನ ತಿಂಗಳ ಎರಡನೇ ಶನಿವಾರ ಒಬ್ಬರೇ ಬಸ್ಸಿಳಿದು ಬಂದರು. ಪುಟ್ಟಿ ಎಲ್ಲಿ ಎಂದೆ.

"ಇನ್ನು ಬರಲ್ಲ. ತೋಟಕ್ಕೆ ಕರ್ಕೊಂಡು ಹೋಗೋ ಹಾಗಿಲ್ಲ ಅಂತಾಯ್ತು. ತಿಂಗಳಿಗೊಂದ್ಸಲ ಕೋರ್ಟಲ್ಲೇ ಒಂದು ರೂಮಿದೆ. ಅಲ್ಲಿ ಒಂದು ಗಂಟೆ, ಎಲ್ರ ಎದುರಿಗೆ, ನೋಡಿ ಹೋಗ್ಬೇಕು."

"ಮರ ಬಿದ್ದಿತ್ತು ಅಂತ ಅವನು ಹೇಳ್ಲಿಲ್ವಾ?"

"ಹೇಳ್ದ. 'ಅಜ್ಜಂಗೆ ಗೊತ್ತಿದೆ, ಅವ್ರು ಸುಳ್ಳು ಹೇಳೋರಲ್ಲ, ಅವ್ರನ್ನೇ ಕೇಳಿ' ಅಂದ." ಬೆಂಚಿನ ತುದಿಗೆ ಕೈಯೂರಿದರು. "ನನ್ನ ಕೇಳಿದ್ರು. ಎಷ್ಟು ಗಂಟೆಗೆ ತಂದ್ರು? ಹೇಳ್ದೆ. ಮರ ನೀವು ನೋಡಿದ್ರಾ? ನೋಡಿಲ್ಲ ಅಂದೆ. ಬೇರೇನಾದ್ರೂ ಹೇಳೋದಿದ್ಯಾ? ಇಲ್ಲ ಅಂದೆ."

ನನಗೆ ಸಿಟ್ಟು ನೆತ್ತಿಗೇರಿತು. ಹಿರಿಯರು ಎನ್ನುವುದನ್ನೂ ಮರೆತೆ. "ಎಂತ ಮನುಷ್ಯರು ಮಾರಾಯ್ರೇ ನೀವು! ಒಂದು ಮಾತು ಹೇಳೋಕೆ ಏನಾಗಿತ್ತು?"

"ನಾನು ನೋಡಿರ್ಲಿಲ್ಲ ಸಾವ್ಕಾರ್ರೇ, ಅದು ನಿಜ." ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡರು. "ಆದ್ರೆ ಅವತ್ತು ಜೀಪಲ್ಲಿ ಅವಳು ನನ್ನ ತೊಡೆ ಮೇಲೆ ಮಲ್ಗಿದ್ಲು. ಚಿಕ್ಕಮಗಳೂರು ಬರೋ ತನಕ ಅವಳ ತಲೆಯಿಂದ ಮರದ ಪುಡಿ ತೆಗ್ದಿದ್ದು ಇದೇ ಕೈ."

ಅಷ್ಟು ಹೇಳಿ ಆ ಮನುಷ್ಯ ಬೆಂಚಿನ ಮೇಲೆ ಕೂತು ಅತ್ತರು. ಬೇಕೆಂದು ಮಾಡಿದ್ದಲ್ಲ. ಅಳಿಯನ ಮೇಲಿನ ಸೇಡೂ ಅಲ್ಲ. ಕೇಳಿದ್ದಕ್ಕೆ ಮಾತ್ರ ಹೇಳು, ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳು, ಕಾರಣ ನಿನ್ನ ಕೆಲಸವಲ್ಲ ಎಂದು ಜೀವಮಾನವಿಡೀ ನಡೆದುಕೊಂಡ ಬಾಯಿ ಅಲ್ಲೂ ಹಾಗೆಯೇ ನಡೆದುಕೊಂಡಿತು. ಬಸ್ಸುಗಳಿಗೆ ನ್ಯಾಯ ಕೊಟ್ಟ ಗುಣವೇ ಮೊಮ್ಮಗಳ ಶನಿವಾರಗಳನ್ನು ನುಂಗಿತು.

ಕೋರ್ಟಿನಿಂದ ಅವರು ಮನೆಗೆ ಹೋದ ಮೇಲೆ ಪುಟ್ಟಿ ಕೇಳಿದ್ದು ಒಂದೇ ಪ್ರಶ್ನೆಯಂತೆ. "ನನ್ನ ತಲೆಯಿಂದ ಪುಡಿ ತೆಗ್ದಿದ್ರಲ್ಲ ಅಜ್ಜಾ, ಅದನ್ನ ಹೇಳ್ಲಿಲ್ವಾ?" ಅವತ್ತಿನಿಂದ ಅವಳು ಅವರ ಜೊತೆ ಮಾತು ಬಿಟ್ಟಳು. ಬಡಿಸಿದರೆ ಉಣ್ಣುತ್ತಿದ್ದಳು, ರಸ್ತೆ ದಾಟುವಾಗ ಕೈ ಕೊಡುತ್ತಿದ್ದಳು. ಮಾತು ಮಾತ್ರ ಇಲ್ಲ. ಹತ್ತು ವರ್ಷದ ಹುಡುಗಿಗೆ ಅಷ್ಟು ಹಟ ಎಲ್ಲಿಂದ ಬಂತು ಎಂದರೆ, ಅಜ್ಜನಿಂದಲೇ ಬಂದಿರಬೇಕು.

ಆ ಮಳೆಗಾಲವಿಡೀ ಅವರು ತಪ್ಪದೆ ಶನಿವಾರ ಬಂದರು. ಕೊಡುವುದಕ್ಕೂ ಇಲ್ಲ, ತೆಗೆದುಕೊಳ್ಳುವುದಕ್ಕೂ ಇಲ್ಲ, ಆದರೂ ಬೆಳಿಗ್ಗೆ ಬಂದು ಸಂಜೆ ಹೋಗುತ್ತಿದ್ದರು. ಬಸ್ಸಿನ ಟೈಮು ಹೇಳುವುದನ್ನೂ ಬಿಟ್ಟರು. ಯಾಕೆ ಬರುತ್ತೀರಿ ಎಂದು ನಾನು ಕೇಳಲಿಲ್ಲ. ಒಂದೊಂದು ಸಲ ಜೀಪಿನ ಸದ್ದಾದರೆ ಕತ್ತೆತ್ತುತ್ತಿದ್ದರು. ಬೇರೆ ಯಾರದ್ದೋ ಜೀಪು.

ಮಳೆ ನಿಂತು ಬಿಸಿಲು ಬಿದ್ದ ಮೇಲೆ ಒಂದು ಶನಿವಾರ, "ಆ ಮರ ಇನ್ನೂ ಅಲ್ಲೇ ಇರ್ಬಹುದಾ?" ಎಂದರು.

"ಯಾವ್ದು?"

"ಬಿದ್ದಿದ್ದು. ಹೋಗಿ ನೋಡ್ಬೇಕು ನಾನು."

ಅಂಗಡಿಯನ್ನು ಮನೆಯವಳಿಗೆ ಬಿಟ್ಟು ನಾನೂ ಕಳಸದ ಬಸ್ಸು ಹತ್ತಿದೆ. ಕಂಡಕ್ಟರಿಗೆ ಆ ಜಾಗ ಗೊತ್ತಿತ್ತು, ಇಳಿಸಿದ. ಕಾಡುಮರ, ಕೆಲಸಕ್ಕೆ ಬಾರದ್ದು, ಹಾಗಾಗಿ ಯಾರೂ ಒಯ್ದಿರಲಿಲ್ಲ. ರಸ್ತೆ ಬದಿಯ ಚರಂಡಿಯಲ್ಲಿ ಬುಡದ ಕಡೆಯ ತುಂಡು ಹಸಿರು ಪಾಚಿಯ ಹಾವಸೆ ಕಟ್ಟಿ ಬಿದ್ದಿತ್ತು. ಎರಡೂ ತುದಿಯಲ್ಲಿ ಮೆಷಿನ್ನು ಕೊಯ್ದ ನೆಟ್ಟಗಿನ ಕೊಯ್ತ. ಮಧ್ಯದಲ್ಲಿ ಮಾತ್ರ ಅರ್ಧಕ್ಕೆ ನಿಂತ ಇನ್ನೊಂದು ಕೊಯ್ತವಿತ್ತು, ಓರೆಯಾದದ್ದು. ಗರಗಸದ ಒಂದು ತುದಿ ಎತ್ತರದವರ ಕೈಯಲ್ಲಿದ್ದು ಇನ್ನೊಂದು ಗಿಡ್ಡವರ ಕೈಯಲ್ಲಿದ್ದರೆ, ಹಲ್ಲು ಗಿಡ್ಡವರ ಕಡೆಗೇ ಹೆಚ್ಚು ಇಳಿಯುತ್ತದೆ.

ಅವರು ಚಪ್ಪಲಿ ಬಿಟ್ಟು ಚರಂಡಿಗೆ ಇಳಿದರು. ಬೇಡ ಎಂದರೂ ಕೇಳಲಿಲ್ಲ. ಹಾವಸೆಯನ್ನು ಅಂಗೈಯಿಂದ ಒರೆಸಿದರು. ಆ ಓರೆ ಕೊಯ್ತದ ಉದ್ದಕ್ಕೂ ಬೆರಳು ಎಳೆದುಕೊಂಡು ಹೋಗಿ ತಗ್ಗಿದ್ದ ಕಡೆ ನಿಲ್ಲಿಸಿದರು. ಕೈ ತೆಗೆಯಲೇ ಇಲ್ಲ. ಎಷ್ಟೋ ಹೊತ್ತಾದ ಮೇಲೆ, "ಈಗ ನೋಡ್ದೆ" ಎಂದರು. ವಾಪಸಾಗುವಾಗ ಬಸ್ಸು ತಡವಾಗಿ ಬಂತು. ಅವರು ಕಂಡಕ್ಟರನ್ನು ಕೇಳಿದರು, "ಯಾಕಪ್ಪಾ ಲೇಟು?" ಅವನು ಏನೋ ಹೇಳಿದ. ಕೊನೆಯ ತನಕ ಕೇಳಿಸಿಕೊಂಡರು.

ಅವರು ನಮ್ಮಲ್ಲಿ ಬಟ್ಟೆ ಕೊಂಡ ಆ ಒಂದು ಸಲ ಎಂದರೆ ಆ ದೀಪಾವಳಿಗೆ. ಒಂದು ಜರಿಯಂಚಿನ ಪಂಚೆ, ಶಲ್ಯ.

"ಯಾರಿಗೆ?" ಎಂದೆ.

"ಅಳಿಯಂಗೆ."

ದೀಪಾವಳಿಗೆ ಅಳಿಯನಿಗೆ ಬಟ್ಟೆ ಕೊಡುವುದು ಎಲ್ಲರ ಮನೆಯಲ್ಲೂ ಉಂಟು. ಅಳಿಯತನ ಮುಗಿದ ಮೇಲೆ ಕೊಟ್ಟವರನ್ನು ನಾನು ಕಂಡಿಲ್ಲ. ನಾನೇ ಫೋನು ಮಾಡಿ ಅವನನ್ನು ಕರೆಸಿದೆ. ಅವನು ಬಂದು ಬಾಗಿಲಲ್ಲೇ ನಿಂತ. ಮಧ್ಯೆ ಮಾತು ಸಾಗಿಸಲು ಪುಟ್ಟಿ ಇರಲಿಲ್ಲ. ಇವರು ಎದ್ದು ನಿಂತು ಬಟ್ಟೆಯ ಪೊಟ್ಟಣ ನೀಡಿ ನೇರವಾಗಿ ಅವನಿಗೇ ಹೇಳಿದರು.

"ಕೋರ್ಟಲ್ಲಿ ಒಂದು ಮಾತು ಬಾಕಿ ಉಳ್ಸಿದೀನಿ. ಅವಳ ತಲೇಲಿ ಮರದ ಪುಡಿ ಇತ್ತು. ನಾನೇ ತೆಗ್ದೆ. ಮರಾನೂ ನೋಡಿ ಬಂದೆ. ನೀನೊಂದು ಅರ್ಜಿ ಹಾಕು, ನಾನು ಬಂದು ಹೇಳ್ತೀನಿ."

ಅವನು ಪೊಟ್ಟಣ ನೋಡಿದ, ಅವರನ್ನು ನೋಡಿದ. ಆರು ತಿಂಗಳು ಮಗಳ ಜೊತೆ ಬೇರೆಯವರ ಎದುರಿಗೆ ಕೂತು ಬಂದವನ ಬಾಯಲ್ಲಿ ಏನು ಬರುತ್ತದೋ ಎಂದು ನನಗೆ ಭಯವಿತ್ತು. ಅವನು ಪೊಟ್ಟಣ ಕಂಕುಳಿಗೆ ಇಟ್ಟುಕೊಂಡು, "ಮೋಡ ಆಗಿದೆ. ಬಸ್‌ಸ್ಟಾಪಿನ ತನಕ ಬಿಡ್ತೀನಿ, ಬನ್ನಿ ಮಾವ" ಎಂದ. ಬಸ್‌ಸ್ಟಾಪು ನಮ್ಮಂಗಡಿಯಿಂದ ಕೂಗಿದರೆ ಕೇಳುವಷ್ಟು ದೂರ. ಇಬ್ಬರೂ ಜೀಪು ಹತ್ತಿಯೇ ಹೋದರು.

ಅರ್ಜಿ ಬಿತ್ತು, ತಾರೀಕೂ ಸಿಕ್ಕಿತು. ಮನೆ ಮಾತ್ರ ಬೆಂಕಿಯಾಯಿತು. "ನೀವೂ ಅವ್ರ ಕಡೆ ಹೋದ್ರಾ ಅಪ್ಪಾ?" ಎಂದಳಂತೆ ಮಗಳು. ಪುಟ್ಟಿಗೆ ಹೇಳಿದಿರಾ ಎಂದು ನಾನು ಕೇಳಿದೆ. "ಹೇಳಿ ಏನು? ಕೋರ್ಟಲ್ಲಿ ಹೇಳಿ ಬಂದು, ಆಮೇಲೆ ಹೇಳ್ತೀನಿ. ಮೊದ್ಲೇ ಹೇಳಿದ್ರೆ ಅದೂ ಒಂದು ಕಾರಣದ ಹಾಗಾಗುತ್ತೆ." ಅಷ್ಟೆಲ್ಲ ಆದ ಮೇಲೂ ಹಳೆಯ ಟೈಮ್‌ಕೀಪರ್ ಪೂರ್ತಿ ಹೋಗಿರಲಿಲ್ಲ. ಅದೊಂದನ್ನು ನಾನು ಈಗಲೂ ಕ್ಷಮಿಸಿಲ್ಲ. ಯಾಕೆಂದರೆ ತಾರೀಕಿಗೆ ಇನ್ನೊಂದು ವಾರವಿದೆ ಎನ್ನುವಾಗ, ಬೆಳಿಗ್ಗೆ ಲಿಂಗಪೂಜೆಗೆ ಕೂತವರು ಹಾಗೇ ಗೋಡೆಗೆ ಒರಗಿಬಿಟ್ಟರು. ಕರೆಯಲು ಹೋದವಳು ಪುಟ್ಟಿ. ಅಷ್ಟು ತಿಂಗಳಾದ ಮೇಲೆ ಅವಳು ಅಜ್ಜಾ ಎಂದದ್ದು ಆಗಲೇ, ಕೇಳಿಸಿಕೊಳ್ಳಲು ಅವರಿರಲಿಲ್ಲ.

ಮಣ್ಣಿಗೆ ಹೋಗಿದ್ದೆ. ಅಳಿಯ ಆ ಜರಿಯಂಚಿನ ಪಂಚೆ ಉಟ್ಟು, ಶಲ್ಯ ಹೊದ್ದು ಬಂದು ಎಲ್ಲರ ಹಿಂದೆ ನಿಂತಿದ್ದ. ಯಾರೂ ಅವನನ್ನು ಮುಂದೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಪುಟ್ಟಿ ಜನರ ನಡುವಿನಿಂದ ನುಸುಳಿ ಹೋಗಿ ಅವನ ಶಲ್ಯದ ಅಂಚು ಹಿಡಿದು ನಿಂತಳು. ಅವಳು ಅಳಲಿಲ್ಲ.

ಶಿವಗಣಾರಾಧನೆಯ ದಿನ ಮಗಳು ನನ್ನನ್ನು ಒಳಗೆ ಕರೆದು ಕೂರಿಸಿದಳು. "ಪುಟ್ಟಿ ಹೋಗೋದು ನಿಂತ ಮೇಲೂ ಅಪ್ಪ ನಿಮ್ಮಂಗಡಿಗೆ ಬರ್ತಿದ್ರು. ಏನ್ ಮಾಡ್ತಿದ್ರು ಅಲ್ಲಿ?"

ಚರಂಡಿಗೆ ಇಳಿದದ್ದನ್ನು ಹೇಳಿದೆ. ಅವಳು ಕೇಳಿಸಿಕೊಂಡು, "ಆ ಮಳೆ ರಾತ್ರಿ ನಾನು ಹೇಗಿದ್ದೆ ಅಂತ ಯಾರೂ ಕೇಳ್ಲಿಲ್ಲ ಅಣ್ಣ" ಎಂದಳು. ಅದೂ ನಿಜವೇ. ನಾನೂ ಕೇಳಿರಲಿಲ್ಲ. ಈಗ ಹೇಳಮ್ಮ ಎಂದೆ. ಹೊರಗೆ ಪಂಕ್ತಿ ಏಳುವವರೆಗೆ ಅವಳು ಹೇಳಿದಳು, ನಾನು ಕೇಳಿದೆ.

ಎರಡು ತಿಂಗಳಾಗಿರಬೇಕು. ಒಂದು ಶನಿವಾರ ಹತ್ತು ಗಂಟೆಗೆ ಮೊದಲೇ ಜೀಪು ಬಂದು ನಿಂತಿತು. ಹತ್ತು ದಾಟಿ, ಹತ್ತೂವರೆಯೂ ದಾಟಿದ ಮೇಲೆ ಆ ತಾಯಿ ಪುಟ್ಟಿಯ ಕೈ ಹಿಡಿದು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದಳು. ಶನಿವಾರಗಳನ್ನು ಮತ್ತೆ ಕೊಡಲು ಕೋರ್ಟಿನಲ್ಲಿ ತಾನೇ ಒಪ್ಪಿ ಸಹಿ ಹಾಕಿದಳು ಎಂದು ನನಗೆ ಆಮೇಲೆ ತಿಳಿಯಿತು. "ಮೂಡಿಗೆರೇಲಿ ಬಸ್ಸು ಕೆಟ್ಟು..." ಎಂದು ಶುರು ಮಾಡಿದವಳು ಬೆಂಚು ನೋಡಿ ನಿಲ್ಲಿಸಿದಳು. "ಪರ್ವಾಗಿಲ್ಲ, ಹೇಳು" ಎಂದ ಅವನು. ಅವಳು ಪೂರ್ತಿ ಹೇಳಿದಳು. ಹೇಳಿ, ನೀರು ಕುಡಿಯಲು ನಮ್ಮ ಮನೆಯವಳ ಹಿಂದೆ ಒಳಗೆ ಹೋದಳು. ಅವನು ಜೀಪು ತಿರುಗಿಸಲು ಹೋದ.

ಪುಟ್ಟಿ ಬೆಂಚಿನ ಆ ತುದಿಯಲ್ಲಿ ಕೂತಳು. ಈಗ ಜಡೆ ಒಂದೇ, ಕಾಲು ನೆಲಕ್ಕೆ ಮುಟ್ಟುತ್ತದೆ.

"ಅಜ್ಜ ಮರ ನೋಡೋಕೆ ಹೋಗಿದ್ರು ಅಂತ ಅಮ್ಮ ಹೇಳಿದ್ರು. ನಿಜಾನಾ ಮಾಮ?"

"ನಿಜ. ನಾನೂ ಹೋಗಿದ್ದೆ. ನಿಮ್ಮ ಕೊಯ್ತದ ಮೇಲೆ ಕೈಯಿಟ್ಟು ತುಂಬಾ ಹೊತ್ತು ನಿಂತಿದ್ರು."

"ಯಾವ ಕಡೆ ಕೈಯಿಟ್ರು?"

"ತಗ್ಗಿದ್ದ ಕಡೆ."

"ಅದು ನನ್ನ ಕಡೆ" ಎಂದಳು. ಅಷ್ಟು ದಿನ ಅಳದವಳು ಆಗ ಅತ್ತಳು. ಹೊರಗೆ ಜೀಪು ತಿರುಗಿ ನಿಂತಿತ್ತು, ಅವಳಪ್ಪ ಹಾರ್ನು ಮಾಡಲಿಲ್ಲ.